ಸ್ವತಂತ್ರ ಸುದ್ದಿತಾಣಕ್ಕೆ ದುಡ್ಡು ಕೊಟ್ಟು ಓದುತ್ತೀರಾ? ಭಾವನ ಜೊತೆ ಜಗಳ ಆಗಿದೆ

#1 ಸಾಗರದ ಸುಬ್ಬು
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ಮನೆಯ ವಾಟ್ಸಾಪ್ ಗುಂಪಿಗೆ ದಿ ವೈರ್ ಎಂಬ ಸ್ವತಂತ್ರ ಸುದ್ದಿತಾಣದ ಒಂದು ಲಿಂಕ್ ಹಾಕಿದೆ. ಚೀನಾ ಗಡಿ ಮಾತುಕತೆ ಬಗ್ಗೆ ಇತ್ತು. ಎರಡೇ ನಿಮಿಷಕ್ಕೆ ಭಾವ ಬಂದರು. "ಲೇಖನ ಆಮೇಲೆ ಓದುವಾ, ಇವರಿಗೆ ದುಡ್ಡು ಕೊಡೋದು ಯಾರು ಅಂತ ಮೊದಲು ಹೇಳು" ಎಂದರು. ನಾನು "ನಿಮ್ಮ ಟಿವಿ ಚಾನೆಲ್‌ಗೆ ಕೊಡೋದು ಯಾರು?" ಎಂದೆ. ಅಲ್ಲಿಂದ ಶುರುವಾಗಿ ಅಕ್ಕ ಗುಂಪು ಬಿಟ್ಟು ಹೋಗುವವರೆಗೆ ಬಂತು.

ರಾತ್ರಿ ಮಲಗಿ ಯೋಚಿಸಿದರೆ ಭಾವನ ಪ್ರಶ್ನೆ ತಪ್ಪೇನಲ್ಲ ಅನಿಸಿತು. ನಾನಂತೂ ಒಂದು ರೂಪಾಯಿ ಕೊಟ್ಟಿಲ್ಲ. ಹಾಗಾದರೆ ಯಾರೋ ಕೊಡುತ್ತಿರಲೇಬೇಕು ಅಲ್ವಾ? ನೀವು ಯಾರಾದರೂ ಚಂದಾ ಕಟ್ಟಿ ಓದುತ್ತೀರಾ? ರಾಜಕೀಯಕ್ಕಾದರೂ ಜನ ಸಿಗುತ್ತಾರೆ, ವಿದೇಶಾಂಗ ನೀತಿ ಬಗ್ಗೆ ಬರೆಯುವವರಿಗೆ ಯಾರು ಕೊಡುತ್ತಾರೆ?

#2 ನೇರಮಾತು ನಾಗ
ಭಾವ ಸರಿ ಇದ್ದಾರೆ. ಮುಗೀತು.

#3 ಧಾರವಾಡ ಪೇಡೆ
ನಾಗಪ್ಪಾ, ನಿನ್ನ ಮುಗೀತು ಅನ್ನೋದರಿಂದಲೇ ಇಲ್ಲಿ ಎಲ್ಲಾ ಚಾಲೂ ಆಗೋದು ನೋಡು.

#4 ನೈಟ್ ಡೆಸ್ಕ್
ಸುಬ್ಬು ಅವರೇ, ನಾನು ಕನ್ನಡದ ಒಂದು ದಿನಪತ್ರಿಕೆಯ ಡೆಸ್ಕ್‌ನಲ್ಲಿ ಹನ್ನೊಂದು ವರ್ಷ ಇದ್ದೆ. ಹೆಸರು ಬೇಡ. ವಿದೇಶ ಸುದ್ದಿ ಹೇಗೆ ತಯಾರಾಗುತ್ತದೆ ಎಂದು ಹೇಳುತ್ತೇನೆ, ಆಮೇಲೆ ದುಡ್ಡಿನ ಮಾತು.

ರಾತ್ರಿ ಒಂಬತ್ತೂವರೆ. ವಿದೇಶ ಪುಟ ಅಂತ ಒಂದು ಇರುತ್ತದೆ. ಅದರಲ್ಲಿ ಅರ್ಧ ಜಾಹೀರಾತು. ಉಳಿದ ಅರ್ಧಕ್ಕೆ ಪಿಟಿಐ, ಎಎಫ್‌ಪಿ ಸುದ್ದಿಸಂಸ್ಥೆಗಳು ಕಳಿಸಿದ ಇಂಗ್ಲಿಷ್ ಕಾಪಿಯಲ್ಲಿ ನಾಲ್ಕು ಆರಿಸಬೇಕು, ಅನುವಾದ ಮಾಡಬೇಕು, ಜಾಗಕ್ಕೆ ಕತ್ತರಿಸಬೇಕು. ಪುಟ ಬಿಡಲು ಗಡುವು ಹತ್ತೂಮುಕ್ಕಾಲು. ಟೆಹರಾನ್‌ನಲ್ಲಿ ಏನಾಯಿತು ಎಂದು ಫೋನ್ ಮಾಡಿ ಕೇಳಲು ನಮ್ಮವರು ಅಲ್ಲಿ ಯಾರೂ ಇಲ್ಲ. ದೆಹಲಿಯಲ್ಲಿ ಇದ್ದವರಿಗೂ ಕರ್ನಾಟಕದ ಸಂಸದರ ಹಿಂದೆ ಓಡುವುದೇ ಕೆಲಸ.

ಒಮ್ಮೆ ಬ್ರಿಟನ್ನಿನ "ಫಾರಿನ್ ಆಫೀಸ್" ಅನ್ನುವುದನ್ನು ನಿದ್ದೆಗಣ್ಣಿನಲ್ಲಿ "ವಿದೇಶದ ಕಚೇರಿಯೊಂದು" ಎಂದು ಬರೆದುಬಿಟ್ಟೆ. ಅದು ಅವರ ವಿದೇಶಾಂಗ ಇಲಾಖೆ! ಹಾಗೇ ಅಚ್ಚಾಯಿತು. ಬೆಳಿಗ್ಗೆ ಒಬ್ಬ ಓದುಗನೂ ಫೋನ್ ಮಾಡಲಿಲ್ಲ. ಬೈಸಿಕೊಂಡಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಅದಕ್ಕೇ ಹೇಳುವುದು, ವಿದೇಶಾಂಗ ವಿಷಯದಲ್ಲಿ ಸ್ವಂತ ವರದಿ ಅಂದರೆ ತುಂಬಾ ದುಬಾರಿ. ಅಭಿಪ್ರಾಯ ಅಗ್ಗ. ಬಹಳಷ್ಟು ತಾಣಗಳಲ್ಲಿ ಸಿಗುವುದು ನಿವೃತ್ತ ರಾಯಭಾರಿಗಳ, ನಿವೃತ್ತ ಜನರಲ್‌ಗಳ ಲೇಖನ. ಕೆಟ್ಟದ್ದು ಅನ್ನುತ್ತಿಲ್ಲ, ಅದು ವರದಿ ಅಲ್ಲ ಅಷ್ಟೇ.

#5 ಮೂಡಿಗೆರೆ ರೋಬಸ್ಟಾ
ವಿದೇಶಾಂಗ ನೀತಿ ಯಾರಿಗೆ ಬೇಕು ಅಂತ ಕೇಳಿದ್ದೀರಿ. ನನಗೆ ಬೇಕು ಸ್ವಾಮಿ. ನಮ್ಮದು ಕಾಫಿ ತೋಟ.

2023ರ ನವೆಂಬರ್‌ನಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗು ಹಿಡಿದರು. ಆಗ ನಮ್ಮಲ್ಲಿ ಅರೇಬಿಕಾ ಕೊಯ್ಲು. ನಮ್ಮ ಕಾಫಿ ಹೋಗುವುದು ಜಾಸ್ತಿ ಇಟಲಿ, ಜರ್ಮನಿ ಕಡೆಗೆ. ದಾರಿ ಸೂಯೆಜ್. ಹಡಗುಗಳೆಲ್ಲ ಆಫ್ರಿಕಾದ ತುದಿ ಸುತ್ತಿಕೊಂಡು ಹೋಗಲು ಶುರುಮಾಡಿದವು. ಹತ್ತು ಹನ್ನೆರಡು ದಿನ ಹೆಚ್ಚು, ಬಾಡಿಗೆ ಬೇರೆ ಏರಿತು. ನಮ್ಮ ಊರಿನ ವ್ಯಾಪಾರಿ "ಸ್ವಲ್ಪ ತಡೀರಿ, ಕಂಟೇನರ್ ಸಿಗ್ತಿಲ್ಲ" ಎಂದ. ಯೆಮೆನ್ ಎಲ್ಲಿದೆ ಎಂದು ನಾನು ಭೂಪಟ ತೆಗೆದು ನೋಡಿದ್ದು ಆವತ್ತೇ.

ಟಿವಿ ಹಾಕಿದರೆ ಕ್ಷಿಪಣಿ ಹಾರುವ ಗ್ರಾಫಿಕ್ಸ್. ಹೂತಿಗಳು ಯಾರು, ಯಾಕೆ ಹೊಡೆಯುತ್ತಿದ್ದಾರೆ, ಎಷ್ಟು ದಿನ ನಡೆಯಬಹುದು, ಒಬ್ಬನೂ ಹೇಳಲಿಲ್ಲ. ಕೊನೆಗೆ ಇಂಗ್ಲಿಷ್ ತಾಣಗಳಲ್ಲಿ ಹುಡುಕಿ ಓದಿದೆ. ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುವ ಯುರೋಪಿನ ಕಾಯ್ದೆ ಇದೆಯಲ್ಲ, ಅದನ್ನೂ ಹಾಗೇ ತಿಳಿದುಕೊಂಡೆ. ಅದನ್ನು ಎರಡು ಸಲ ಮುಂದೂಡಿದ್ದಾರೆ. ಕನ್ನಡದಲ್ಲಿ ಸರಿಯಾಗಿ ಬರೆದರೆ ವರ್ಷಕ್ಕೆ ಎರಡು ಸಾವಿರ ಕೊಡಲು ನಾನು ಸಿದ್ಧ.

#6 ನೇರಮಾತು ನಾಗ
ಕಾಫಿ ಮಾತು ಒಪ್ಪಿದೆ ಸಾರ್. ಆದರೆ ಸುಬ್ಬು ಕೇಳಿದ್ದು "ಸ್ವತಂತ್ರ" ಎಂದು ಬೋರ್ಡ್ ಹಾಕಿಕೊಂಡವರ ಬಗ್ಗೆ. 2022ರ ಅಕ್ಟೋಬರ್ ಮರೆತುಹೋಯಿತಾ? ಬಿಜೆಪಿ ಐಟಿ ಸೆಲ್ ಮುಖ್ಯಸ್ಥರು ಹೇಳಿದರೆ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಪ್ರಶ್ನೆಯೇ ಇಲ್ಲದೆ ತೆಗೆಯುತ್ತಾರೆ ಎಂದು ಇದೇ ದಿ ವೈರ್ ಬರೆಯಿತು. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಸುಳ್ಳು ಎಂದಿತು. ಇವರು ಇಮೇಲ್ ತೋರಿಸಿದರು. ತಂತ್ರಜ್ಞಾನ ಗೊತ್ತಿದ್ದವರು ಒಂದೊಂದೇ ತೂತು ತೋರಿಸಿದರು. ಅದೇ ತಿಂಗಳು ವರದಿ ವಾಪಸ್, ಕ್ಷಮಾಪಣೆ. ಇಂಥವರಿಗೆ ದುಡ್ಡು ಕೊಡಬೇಕಾ?

#7 ಅಕೌಂಟೆಂಟ್ ಅಕ್ಕ
ನಾಗ ಅವರೇ, ನೀವು ಹೇಳಿದ್ದು ನಿಜ, ದೊಡ್ಡ ಎಡವಟ್ಟೇ. ಆದರೆ ಅವರು ವರದಿ ತೆಗೆದರು, ಓದುಗರಿಗೆ ಕ್ಷಮೆ ಕೇಳಿದರು. ನೋಟಿನಲ್ಲಿ ಚಿಪ್ ಇದೆ ಎಂದು 2016ರಲ್ಲಿ ತೋರಿಸಿದವರು ಇವತ್ತಿಗೂ ಕ್ಷಮೆ ಕೇಳಿದ್ದು ನಾನು ನೋಡಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ, ನನ್ನ ಕಸುಬು ಅದೇ. ದಿ ವೈರ್ 2015ರಲ್ಲಿ ಶುರುವಾಯಿತು. ಸಿದ್ಧಾರ್ಥ್ ವರದರಾಜನ್, ಸಿದ್ಧಾರ್ಥ್ ಭಾಟಿಯಾ, ಎಂ.ಕೆ. ವೇಣು ಶುರುಮಾಡಿದರು. ನಡೆಸುವುದು ಲಾಭಕ್ಕಲ್ಲದ ಕಂಪನಿ, ಫೌಂಡೇಷನ್ ಫಾರ್ ಇಂಡಿಪೆಂಡೆಂಟ್ ಜರ್ನಲಿಸಂ. ಲಾಭ ಬಂದರೂ ಯಾರೂ ಹಂಚಿಕೊಳ್ಳುವ ಹಾಗಿಲ್ಲ. ಆರಂಭದ ವರ್ಷಗಳಲ್ಲಿ ಅನುದಾನ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನದ್ದೇ ಒಂದು ಟ್ರಸ್ಟ್ ಇದೆ. ಐಪಿಎಸ್‌ಎಂಎಫ್ ಎನ್ನುತ್ತಾರೆ. ಅದಕ್ಕೆ ಕೊಟ್ಟವರಲ್ಲಿ ಅಜೀಂ ಪ್ರೇಮ್‌ಜಿ, ರೋಹಿಣಿ ನಿಲೇಕಣಿ ಇದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಆ ಟ್ರಸ್ಟ್ ಮೇಲೆ ಆದಾಯ ತೆರಿಗೆಯವರ ಪರಿಶೀಲನೆಯೂ ನಡೆಯಿತು.

ಅಂದರೆ ನಿಮ್ಮ ಭಾವನ ಪ್ರಶ್ನೆಗೆ ಉತ್ತರದ ಒಂದು ತುಂಡು ಬೆಂಗಳೂರಿನಲ್ಲೇ ಇದೆ. ಬೀಜಿಂಗ್‌ನಲ್ಲಿ ಅಲ್ಲ!

#8 ನೇರಮಾತು ನಾಗ
ಬೀಜಿಂಗ್ ಎಂದಿರಲ್ಲ, ನ್ಯೂಸ್‌ಕ್ಲಿಕ್?

#9 ಅಕೌಂಟೆಂಟ್ ಅಕ್ಕ
ಬರುತ್ತೀರಿ ಎಂದು ಗೊತ್ತಿತ್ತು 🙂 2023ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು. ಚೀನಾ ಪರ ಪ್ರಚಾರಕ್ಕೆ ದುಡ್ಡು ಹರಿಸುವ ಅಮೆರಿಕದ ಶ್ರೀಮಂತನೊಬ್ಬನ ಜಾಲದಲ್ಲಿ ದೆಹಲಿಯ ಸುದ್ದಿತಾಣ ನ್ಯೂಸ್‌ಕ್ಲಿಕ್ ಹೆಸರೂ ಇತ್ತು. ಅಕ್ಟೋಬರ್ 3ಕ್ಕೆ ಪತ್ರಕರ್ತರ ಮನೆಗಳಲ್ಲಿ ಶೋಧ. ಸಂಪಾದಕ ಪ್ರಬೀರ್ ಪುರಕಾಯಸ್ಥರನ್ನು ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆ ಅಡಿ ಬಂಧಿಸಿದರು. 2024ರ ಮೇ 15ರಂದು ಸುಪ್ರೀಂ ಕೋರ್ಟ್ ಆ ಬಂಧನವೇ ಅಸಿಂಧು ಎಂದಿತು. ಬಂಧನದ ಕಾರಣವನ್ನು ಬರಹದಲ್ಲಿ ಕೊಟ್ಟಿರಲಿಲ್ಲ. ಗಮನಿಸಿ, ಕೋರ್ಟು ನೋಡಿದ್ದು ಬಂಧಿಸಿದ ರೀತಿಯನ್ನು. ಆರೋಪ ನಿಜವೋ ಸುಳ್ಳೋ ಎಂದು ಆ ತೀರ್ಪು ಹೇಳಿಲ್ಲ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧ ಮಾತ್ರ ಫಾರ್ವರ್ಡ್ ಮಾಡುತ್ತಾರೆ.

#10 ಸ್ಟುಟ್‌ಗಾರ್ಟ್ ಸೀನ
ನಾನು ಒಂದೇ ಒಂದು ತಾಣಕ್ಕೆ ತಪ್ಪದೆ ಚಂದಾ ಕಟ್ಟುತ್ತೇನೆ. ಫ್ರಾನ್ಸಿನ ಮೀಡಿಯಾಪಾರ್ಟ್. ನನ್ನವಳಿಗೆ ಫ್ರೆಂಚ್ ಬರುತ್ತದೆ, ನಾನು ಅವರ ಇಂಗ್ಲಿಷ್ ಪುಟ ನೋಡುತ್ತೇನೆ.

2008ರಲ್ಲಿ ಶುರುವಾಯಿತು. ಲ ಮೊಂದ್ ಪತ್ರಿಕೆಯಲ್ಲಿದ್ದ ಎಡ್ವಿ ಪ್ಲೆನೆಲ್ ಮತ್ತು ಗೆಳೆಯರು ಮಾಡಿದ್ದು. ಜಾಹೀರಾತು ಇಲ್ಲ, ಸರ್ಕಾರದ ಸಹಾಯಧನ ಇಲ್ಲ. ಆಗ ಎಲ್ಲರೂ ಇಂಟರ್ನೆಟ್ ಅಂದರೆ ಫ್ರೀ ಎನ್ನುತ್ತಿದ್ದ ಕಾಲ, ಇವರು ಮೊದಲ ದಿನದಿಂದ ದುಡ್ಡು ಕೇಳಿದರು. ಜನ ನಕ್ಕರು. 2010ರಲ್ಲಿ ಬೆಟನ್‌ಕೂರ್ ಎಂಬ ಭಾರಿ ಶ್ರೀಮಂತ ಮಹಿಳೆಯ ಮನೆಯ ಗುಟ್ಟಿನ ಧ್ವನಿಮುದ್ರಣ ಹೊರಹಾಕಿದ ಮೇಲೆ ಚಂದಾದಾರರು ಏರಿದರು. ಈಗ ಎರಡು ಲಕ್ಷಕ್ಕೂ ಹೆಚ್ಚು ಜನ ಕಟ್ಟುತ್ತಾರೆ. "ನಮ್ಮನ್ನು ಕೊಳ್ಳಬಲ್ಲವರು ಓದುಗರು ಮಾತ್ರ" ಎನ್ನುವುದು ಅವರ ಘೋಷವಾಕ್ಯ.

ನಮಗೆ ಸಂಬಂಧ ಏನು ಎನ್ನುತ್ತೀರಾ? ರಫೇಲ್ ಯುದ್ಧವಿಮಾನ ಖರೀದಿ. 2018ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮಾಜಿ ಅಧ್ಯಕ್ಷ ಒಲಾಂದ್, ಭಾರತದ ಪಾಲುದಾರ ಕಂಪನಿಯನ್ನು ಆರಿಸುವುದರಲ್ಲಿ ತಮಗೆ ಆಯ್ಕೆ ಇರಲಿಲ್ಲ ಎಂದು ಹೇಳಿದ್ದು ಇದೇ ತಾಣಕ್ಕೆ. ನಮ್ಮ ದೇಶದ ವಿಮಾನದ ಸುದ್ದಿ ನಮಗೆ ಪ್ಯಾರಿಸ್ ಸುತ್ತಿ ಬಂತು.

#11 ನೇರಮಾತು ನಾಗ
ಅದೇ ರಫೇಲ್ ತನಿಖೆ ಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ವಜಾ ಮಾಡಿತು. 2019ರಲ್ಲಿ ಮರುಪರಿಶೀಲನೆ ಅರ್ಜಿಯನ್ನೂ. ಅದನ್ನೂ ಸೇರಿಸಿ ಬರೆಯಿರಿ ಸೀನಣ್ಣ.

#12 ಸ್ಟುಟ್‌ಗಾರ್ಟ್ ಸೀನ
ಸೇರಿಸಿದ್ದೇನೆ ಅಂತ ತಿಳಿದುಕೋ. 2021ರಲ್ಲಿ ಫ್ರಾನ್ಸಿನಲ್ಲಿ ನ್ಯಾಯಾಧೀಶರನ್ನು ನೇಮಿಸಿ ತನಿಖೆ ಶುರುಮಾಡಿದ್ದನ್ನು ನೀನು ಸೇರಿಸು. ಚುನಾವಣೆಗೆ ಲಿಬಿಯಾದ ಗಡಾಫಿ ದುಡ್ಡು ಪಡೆದರು ಎಂಬ ವಿಷಯದಲ್ಲಿ ಇನ್ನೊಬ್ಬ ಮಾಜಿ ಅಧ್ಯಕ್ಷ ಸರ್ಕೋಜಿ ಹಿಂದೆ ಬಿದ್ದವರೂ ಇವರೇ. ಹದಿಮೂರು ಹದಿನಾಲ್ಕು ವರ್ಷ ಬಿಡಲಿಲ್ಲ. 2025ರಲ್ಲಿ ಐದು ವರ್ಷ ಶಿಕ್ಷೆ ಆಯಿತಲ್ಲ.

#13 ಹಳೇ ಪೇಪರ್
ಸೀನ ಅವರೇ, ಅರ್ಧ ಹೇಳಿದಿರಿ. ಪ್ಯಾರಿಸ್ ಕೋರ್ಟು ಶಿಕ್ಷೆ ಕೊಟ್ಟಿದ್ದು ಒಳಸಂಚಿನ ಆರೋಪಕ್ಕೆ. ಉಳಿದ ಆರೋಪಗಳಿಂದ ಬಿಟ್ಟಿತು. ಅಷ್ಟೇ ಅಲ್ಲ, 2012ರಲ್ಲಿ ಮೀಡಿಯಾಪಾರ್ಟ್ ಪ್ರಕಟಿಸಿದ್ದ ಮುಖ್ಯ ಪತ್ರ ನಕಲಿ ಇರುವ ಸಾಧ್ಯತೆಯೇ ಹೆಚ್ಚು ಎಂದೂ ಅದೇ ಕೋರ್ಟು ಹೇಳಿತು. ತಾಣದವರು ಅದನ್ನು ಒಪ್ಪಲಿಲ್ಲ. ಹಿಂದೆ ಬೇರೆ ಕೋರ್ಟುಗಳು ನಕಲಿ ಎಂಬ ದೂರನ್ನು ತಳ್ಳಿಹಾಕಿದ್ದೂ ಹೌದು. ಸರ್ಕೋಜಿ ಮೇಲ್ಮನವಿಗೆ ಹೋದರು. ಅಂದರೆ ನಮ್ಮ ನಾಗನಿಗೂ ಖುಷಿ, ನಿಮಗೂ ಖುಷಿ!

#14 ನೇರಮಾತು ನಾಗ
😂 ಇದೊಂದು ಒಳ್ಳೆ ಮಾತು.

#15 ಕುಡ್ಲದ ಹಿರಿಯ
ಮಾರಾಯ್ರೆ, ಓದುಗರ ದುಡ್ಡಲ್ಲಿ ಪತ್ರಿಕೆ ಎನ್ನುವುದನ್ನು ಫ್ರಾನ್ಸಿನವರಿಂದ ಕಲಿಯಬೇಕಾ? ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿ ಜಾಹೀರಾತು ಇಲ್ಲದೆ ನಡೆಸಿದರು. ಜನ ಕೊಂಡು ಓದಿದರು, ಅಷ್ಟೇ ಆದಾಯ. ಸರ್ಕಾರಗಳೇ ಬೆವರಿದವು.

ನಮ್ಮ ಮಂಗಳೂರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ "ಮುಂಗಾರು" ದಿನಪತ್ರಿಕೆ ತಂದರು. ಬಂಡವಾಳಕ್ಕೆ ಸಾಹುಕಾರರ ಬಾಗಿಲಿಗೆ ಹೋಗಲಿಲ್ಲ, ಜನರಿಂದ ಷೇರು ಎತ್ತಿದರು. ನನ್ನ ಅಪ್ಪ ಶಾಲೆ ಮಾಸ್ತರು. ಅವರೂ ಷೇರು ತಗೊಂಡಿದ್ದರು. ಆ ಕಾಗದ ಈಗಲೂ ಕಪಾಟಿನಲ್ಲಿ ಉಂಟು. ಲಾಭ ಅಂತ ನಾಲ್ಕಾಣೆ ಬರಲಿಲ್ಲ. ಅಪ್ಪ ಸಾಯುವವರೆಗೂ "ನಾನೂ ಒಬ್ಬ ಪತ್ರಿಕೆ ಮಾಲಿಕ" ಎಂದು ಹೇಳಿಕೊಂಡೇ ಇದ್ದರು.

ಪತ್ರಿಕೆ ಕೊನೆಗೆ ನಿಂತುಹೋಯಿತು. ಓದುಗರ ಪ್ರೀತಿ ಬೇರೆ, ತಿಂಗಳು ತಿಂಗಳು ಸಂಬಳ ಕೊಡುವುದು ಬೇರೆ. ಅದನ್ನೂ ಹೇಳಬೇಕಲ್ಲ.

#16 ಧಾರವಾಡ ಪೇಡೆ
ಹಿರಿಯರೇ, ಆ ಕಾಗದದ ಫೋಟೊ ಹಾಕ್ರಿ. ನೋಡೋ ಆಸೆ ಆಗೇದ.

#17 ಕುಡ್ಲದ ಹಿರಿಯ
ಮಗ ರಜೆಗೆ ಬರಲಿ. ನನಗೆ ಈ ಫೋಟೊ ಹತ್ತಿಸುವುದು ಗೊತ್ತಾಗುವುದಿಲ್ಲ.

#18 ತುಮಕೂರು ತಮ್ಮ
ಎಲ್ಲ ಸರಿ ಗುರು, ಚಂದಾ ಕಟ್ಟುವುದು ಸುಲಭ, ನಿಲ್ಲಿಸುವುದು ಕಷ್ಟ. ಒಂದು ತಾಣಕ್ಕೆ (ಹೆಸರು ಹೇಳಲ್ಲ) ತಿಂಗಳಿಗೆ ಮುನ್ನೂರು ಎಂದು ಆಟೋಪೇ ಹಾಕಿದೆ. ಮೂರು ತಿಂಗಳು ಆದ ಮೇಲೆ ಸಾಕು ಎನಿಸಿತು. ರದ್ದು ಮಾಡುವ ಬಟನ್ ಹುಡುಕಿ ಹುಡುಕಿ ಸುಸ್ತು. ಇಮೇಲ್ ಹಾಕಿದರೆ ಉತ್ತರ ಇಲ್ಲ. ಆಳುವವರಿಗೆ ದಿನಾ ಪ್ರಶ್ನೆ ಕೇಳುವವರು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ.

#19 ಅಕೌಂಟೆಂಟ್ ಅಕ್ಕ
ತಮ್ಮಾ, ಯುಪಿಐ ಆ್ಯಪ್ ಒಳಗೇ ಆಟೋಪೇ ಅಂತ ಒಂದು ಜಾಗ ಇದೆ. ಅಲ್ಲಿ ಹೋಗಿ ರದ್ದು ಮಾಡಬಹುದು. ಅವರ ಉತ್ತರಕ್ಕೆ ಕಾಯಬೇಕಿಲ್ಲ.

#20 ತುಮಕೂರು ತಮ್ಮ
ಅಯ್ಯೋ! ಇಷ್ಟು ದಿನ ಗೊತ್ತೇ ಇರಲಿಲ್ಲ. ಆಯ್ತು ಅಕ್ಕ, ಈಗಲೇ ತೆಗೆದೆ. ಥ್ಯಾಂಕ್ಸ್.

#21 ಸ್ಟುಟ್‌ಗಾರ್ಟ್ ಸೀನ
ನನ್ನದು ಉಲ್ಟಾ ಕಥೆ. ನಾನು ಕೊಡುತ್ತೇನೆ ಎಂದರೂ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಭಾರತದ ಒಂದು ತಾಣಕ್ಕೆ ದೇಣಿಗೆ ಕೊಡಲು ಹೋದರೆ "ನೀವು ಭಾರತದ ನಾಗರಿಕರೇ?" ಎಂದು ಕೇಳಿತು. ನಾನೇನೋ ಹೌದು. ನನ್ನವಳು ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡಿದ್ದಾಳೆ, ಅವಳು ಕೊಡುವ ಹಾಗಿಲ್ಲ. ಒಂದೇ ಮನೆ, ಒಂದೇ ಅಡುಗೆಮನೆ. ಅವಳ ಯೂರೋ ವಿದೇಶಿ, ನನ್ನ ಯೂರೋ ಸ್ವದೇಶಿ!

#22 ಅಕೌಂಟೆಂಟ್ ಅಕ್ಕ
ಕಾನೂನು ಹಾಗೇ ಇದೆ. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಪ್ರಕಟಿಸುವವರು ವಿದೇಶಿ ದೇಣಿಗೆ ಪಡೆಯಬಾರದು ಎಂದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಹೇಳುತ್ತದೆ. ಭಾರತದ ನಾಗರಿಕ ಹೊರದೇಶದಲ್ಲಿದ್ದು ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಹಾಗೇ ಚಂದಾ ಬೇರೆ, ದೇಣಿಗೆ ಬೇರೆ. ಚಂದಾ ಅಂದರೆ ಸೇವೆಗೆ ಕೊಟ್ಟ ಬೆಲೆ. ದೇಣಿಗೆಯ ಬದಲು ಚಂದಾ ಕೇಳುವ ತಾಣಗಳಿಗೆ ಈ ತಲೆನೋವು ಕಡಿಮೆ. ಬಂಡವಾಳಕ್ಕೂ ಮಿತಿ ಇದೆ. ಡಿಜಿಟಲ್ ಸುದ್ದಿಯಲ್ಲಿ ವಿದೇಶಿ ಪಾಲು 26% ದಾಟುವ ಹಾಗಿಲ್ಲ. ವಿದೇಶಿ ಒಡೆತನದ ಸುದ್ದಿತಾಣ ಹಫ್‌ಪೋಸ್ಟ್ ಇಂಡಿಯಾ 2020ರಲ್ಲಿ ಮುಚ್ಚಿದಾಗ ಈ ನಿಯಮದ ಹೆಸರೇ ಜಾಸ್ತಿ ಕೇಳಿಬಂತು.

#23 ನೈಟ್ ಡೆಸ್ಕ್
ರಷ್ಯನ್ ಸುದ್ದಿತಾಣ ಮೆಡೂಜಾದ ಕಥೆ ಇದಕ್ಕೆ ಪೂರಾ ಎದುರು. 2014ರಲ್ಲಿ ಗಲೀನಾ ತಿಮ್ಚೆಂಕೊ ಅವರನ್ನು ಲೆಂಟಾ ತಾಣದ ಸಂಪಾದಕಿ ಸ್ಥಾನದಿಂದ ತೆಗೆದರು. ಅವರು ಲಾಟ್ವಿಯಾದ ರೀಗಾಕ್ಕೆ ಹೋಗಿ ಮೆಡೂಜಾ ಶುರುಮಾಡಿದರು. 2021ರಲ್ಲಿ ರಷ್ಯಾ ಅವರಿಗೆ "ವಿದೇಶಿ ಏಜೆಂಟ್" ಹಣೆಪಟ್ಟಿ ಹಚ್ಚಿತು, ಜಾಹೀರಾತುದಾರರು ಓಡಿಹೋದರು. ಓದುಗರು ದುಡ್ಡು ಹಾಕಿ ಉಳಿಸಿದರು. 2023ರ ಜನವರಿಯಲ್ಲಿ "ಅನಪೇಕ್ಷಿತ ಸಂಸ್ಥೆ" ಎಂದು ಸಾರಿದರು. ಆಮೇಲೆ ರಷ್ಯಾದ ಒಳಗಿನಿಂದ ದೇಣಿಗೆ ಕೊಡುವುದೇ ಅಪರಾಧ. ಈಗ ಹೊರಗಿನವರು ಕೊಡುತ್ತಾರೆ, ಒಳಗಿನವರು ಕದ್ದು ಓದುತ್ತಾರೆ.

#24 ಮೂಡಿಗೆರೆ ರೋಬಸ್ಟಾ
ನಮ್ಮಲ್ಲೂ 2025ರ ಮೇ ತಿಂಗಳಲ್ಲಿ ದಿ ವೈರ್ ತೆರೆಯುತ್ತಿರಲಿಲ್ಲ. ಆಪರೇಷನ್ ಸಿಂಧೂರ ಸಮಯ. ನಾನು ನೆಟ್‌ವರ್ಕ್ ಹೋಯಿತು ಎಂದುಕೊಂಡು ಗುಡ್ಡ ಹತ್ತಿದೆ. ನೋಡಿದರೆ ಸರ್ಕಾರವೇ ತಡೆದಿತ್ತು. ಒಂದು ವರದಿ ತೆಗೆದ ಮೇಲೆ ವಾಪಸ್ ಬಂತು.

#25 ನೇರಮಾತು ನಾಗ
ಯುದ್ಧದ ಸಮಯದಲ್ಲಿ ಸ್ವಲ್ಪ ಬಿಗಿ ಬೇಕಪ್ಪಾ.

#26 ನೈಟ್ ಡೆಸ್ಕ್
ಬಿಗಿ ಬೇಕು, ಒಪ್ಪುತ್ತೇನೆ. ಅದೇ ವಾರ ಕರಾಚಿ ಬಂದರು ಧ್ವಂಸ ಎಂದು ರಾತ್ರಿಯಿಡೀ ಕೂಗಿದ ಚಾನೆಲ್‌ಗಳು ಬೆಳಿಗ್ಗೆ ಏನೂ ಆಗದವರ ಹಾಗೆ ಹವಾಮಾನ ವರದಿ ಓದಿದವು. ಬಂದರು ಅಲ್ಲೇ ಇತ್ತು. ಅವರಿಗೆ ಎಷ್ಟು ಬಿಗಿ ಆಯಿತು?

#27 ನೇರಮಾತು ನಾಗ
ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆ ರಾತ್ರಿ ನಾನೂ ಎದ್ದು ಕೂತು ನೋಡಿದವನೇ. ಅಮ್ಮನನ್ನೂ ಎಬ್ಬಿಸಿದ್ದೆ.

#28 ಹಳೇ ಪೇಪರ್
ಇನ್ನೊಂದು ಹಳೇ ನೆನಪು. ಭಾರತದಲ್ಲಿ ತಾಣವೊಂದು ಕೇಂದ್ರ ಸರ್ಕಾರವನ್ನು ಮೊದಲು ಅಲ್ಲಾಡಿಸಿದ್ದು 2001ರ ಮಾರ್ಚ್‌ನಲ್ಲಿ. ತೆಹೆಲ್ಕಾದವರು ಶಸ್ತ್ರಾಸ್ತ್ರ ದಲ್ಲಾಳಿಗಳ ವೇಷದಲ್ಲಿ ಹೋಗಿ ಕ್ಯಾಮೆರಾ ಇಟ್ಟರು. ಆಗಿನ ಬಿಜೆಪಿ ಅಧ್ಯಕ್ಷ ಬಂಗಾರು ಲಕ್ಷ್ಮಣ್ ಒಂದು ಲಕ್ಷ ತೆಗೆದುಕೊಳ್ಳುವುದು ಸಿಕ್ಕಿತು. ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ರಾಜೀನಾಮೆ ಕೊಟ್ಟರು, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಖಾತೆಗೆ ಬಂದರು. ಆದರೆ ತಾಣಕ್ಕೆ ಬಂಡವಾಳ ಹಾಕಿದ್ದವರ ಮನೆ, ಕಚೇರಿಗೆ ತೆರಿಗೆಯವರು ಬಂದು ಬಂದು ಸುಸ್ತು ಮಾಡಿದರು. ಹಣ ಹಾಕಿದ ಕೈಗೇ ಬರೆ ಹಾಕಿದರೆ ಮುಂದೆ ಯಾರು ಹಾಕುತ್ತಾರೆ ಹೇಳಿ.

#29 ಕುಡ್ಲದ ಹಿರಿಯ
ಜಾರ್ಜ್ ನಮ್ಮ ಬಿಜೈಯವರು ಮಾರಾಯ್ರೆ. ಅವರ ಬಗ್ಗೆ ಬೇರೆ ಚರ್ಚೆ ಶುರುಮಾಡಿ, ನನಗೆ ಹೇಳಲು ಬಹಳ ಉಂಟು. ಕೊಂಕಣ ರೈಲ್ವೆಯಿಂದ ಶುರುಮಾಡಬೇಕು.

#30 ಧಾರವಾಡ ಪೇಡೆ
ನಾಗಣ್ಣಾ, ನೀ ಭಾವನ ಪಕ್ಷ ಬಿಟ್ಟೆ ಏನು? ಯಾಕ ಸುಮ್ನಾದಿ? ಅಂದಂಗ ಆ ಸಂಪಾದಕರ ಬಗ್ಗೆ ನಾನು ಒಂದು ಬರಿತೀನಿ ನೋಡು, [ಅಳಿಸಲಾಗಿದೆ]

#31 ನಿರ್ವಾಹಕ
ಪೇಡೆ ಅವರ ಕೊನೆ ಸಾಲು ತೆಗೆದಿದ್ದೇನೆ. ಯಾಕೆ ಎಂದು ಜಗಳಕ್ಕೆ ಬರುವ ಮುಂಚೆ ಇದನ್ನು ಓದಿ. ಮಲೇಷ್ಯಾದಲ್ಲಿ 1999ರಿಂದ ಮಲೇಷ್ಯಾಕಿನಿ ಎಂಬ ತಾಣ ಇದೆ. ನ್ಯಾಯಾಂಗದ ಬಗ್ಗೆ ಐದು ಜನ ಓದುಗರು ಕೆಳಗೆ ಕಾಮೆಂಟ್ ಬರೆದರು. ತಾಣದವರು ಬರೆದಿದ್ದಲ್ಲ, ಓದುಗರು! 2021ರ ಫೆಬ್ರವರಿಯಲ್ಲಿ ಅಲ್ಲಿನ ಉನ್ನತ ಕೋರ್ಟು ನ್ಯಾಯಾಂಗ ನಿಂದನೆ ಎಂದು ತಾಣಕ್ಕೇ 5 ಲಕ್ಷ ರಿಂಗಿಟ್ ದಂಡ ಹಾಕಿತು. ಓದುಗರು ಕೆಲವೇ ಗಂಟೆಗಳಲ್ಲಿ ಅಷ್ಟೂ ದುಡ್ಡು ಕೂಡಿಸಿಕೊಟ್ಟರು. ನನಗೆ ದಂಡ ಬಿದ್ದರೆ ನೀವು ಎಷ್ಟು ಕೊಡುತ್ತೀರಿ ಎಂದು ನನಗೆ ಚೆನ್ನಾಗಿ ಗೊತ್ತು.

#32 ಧಾರವಾಡ ಪೇಡೆ
ಒಂದು ಕಿಲೊ ಪೇಡೆ ಕೊಡ್ತೀನಿ ಸಾಹೇಬ್ರ.

#33 ಮೈಸೂರು ಮಲ್ಲಿಗೆ
ಕನ್ನಡದಲ್ಲಿ ಯಾರೂ ಇಲ್ಲ ಎನ್ನಬೇಡಿ. ದಿ ಫೈಲ್ ಇದೆ, ಸರ್ಕಾರದ ಕಡತ ಹಿಡಿದು ಬರೆಯುತ್ತಾರೆ. ಈದಿನ ಇದೆ, 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅವರ ಸಮೀಕ್ಷೆ ಕಾಂಗ್ರೆಸ್‌ಗೆ 132ರಿಂದ 140 ಎಂದಿತ್ತು, ಬಂದದ್ದು 135. ಅವರ ಒಲವು ಯಾವ ಕಡೆ ಎಂದು ಎಲ್ಲರಿಗೂ ಗೊತ್ತು, ಅವರೂ ಮುಚ್ಚಿಡುವುದಿಲ್ಲ. ಆದರೆ ವಿದೇಶಾಂಗ ವಿಷಯಕ್ಕೆ ಕನ್ನಡದಲ್ಲಿ ಒಂದು ಗಟ್ಟಿ ತಾಣ ಇಲ್ಲ ಎನ್ನುವುದು ನಿಜ. ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತಾಗ ನಮಗೆಲ್ಲ ಉಕ್ರೇನ್ ಹತ್ತಿರ ಬಂತು. ಮೃತದೇಹ ಊರಿಗೆ ಬಂದ ಮೇಲೆ ಮತ್ತೆ ದೂರ ಹೋಯಿತು.

#34 ನೈಟ್ ಡೆಸ್ಕ್
ಆ ದಿನ ನಾನು ಡೆಸ್ಕ್‌ನಲ್ಲಿದ್ದೆ. 2022ರ ಮಾರ್ಚ್ 1. ಹಾರ್ಕಿವ್ ಎಂದು ಬರೆಯಬೇಕೋ ಖಾರ್ಕಿವ್ ಎಂದೋ ಎಂದು ಒಳಗೆ ಅರ್ಧ ಗಂಟೆ ವಾದ ನಡೆಯಿತು. ಅಲ್ಲಿಗೆ ಫೋನ್ ಮಾಡಲು ನಮಗೆ ಸಿಕ್ಕಿದ್ದು ಬಂಕರ್‌ನಲ್ಲಿದ್ದ ನಮ್ಮದೇ ಮಕ್ಕಳು ಮಾತ್ರ. ಅವರೇ ಆವತ್ತು ನಮ್ಮ ವರದಿಗಾರರು.

#35 ಸಾಗರದ ಸುಬ್ಬು
ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಕಾಫಿ ಅಣ್ಣನ ಮಾತು, ಹಿರಿಯರ ಷೇರಿನ ಮಾತು ಎರಡನ್ನೂ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಗುಂಪಿಗೆ ವಾಪಸ್ ಬಂದಳು.

ಅನುದಾನದ ಲೆಕ್ಕವನ್ನು ಭಾವನಿಗೆ ಕಳಿಸಿದೆ. "ಪ್ರೇಮ್‌ಜಿ ಕೊಟ್ಟಿದ್ದಾರಾ? ಹಾಗಾದರೆ ಸರಿ, ಆದರೂ ಆ ಇನ್‌ಸ್ಟಾಗ್ರಾಂ ವಿಷಯ?" ಎಂದರು. ಅದನ್ನು ನಾನು ಹೇಳುವ ಮುಂಚೆಯೇ ಅವರಿಗೆ ಗೊತ್ತಿತ್ತು, ನೋಡಿ. ನಾನು ಒಂದು ತಾಣಕ್ಕೆ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ಯಾವುದು ಎಂದು ಹೇಳಲ್ಲ, ನಾಗಣ್ಣ ಮತ್ತೆ ಶುರುಮಾಡುತ್ತಾರೆ. ಈಗ ಭಾವ ಮೆಸೇಜ್ ಹಾಕಿದ್ದಾರೆ: "ಹೇಗೂ ದುಡ್ಡು ಕೊಟ್ಟಿದ್ದೀಯ, ಪಾಸ್‌ವರ್ಡ್ ಕಳಿಸು."

#36 ತುಮಕೂರು ತಮ್ಮ
ಆಟೋಪೇ ಹಾಕಿಲ್ಲ ತಾನೇ?

#37 ಸಾಗರದ ಸುಬ್ಬು
ಹಾಕಿಬಿಟ್ಟೆ 😐

#38 ಧಾರವಾಡ ಪೇಡೆ
ರೋಬಸ್ಟಾ ಅಣ್ಣಾ, ಅದೆಲ್ಲ ಇರಲಿ, ಈ ಸಲ ಕಾಫಿ ರೇಟು ಏನಾಗ್ತದ?

#39 ಮೂಡಿಗೆರೆ ರೋಬಸ್ಟಾ
ಬ್ರೆಜಿಲ್‌ನಲ್ಲಿ ಮಳೆ ಹೇಗಿದೆ ನೋಡಿ ಹೇಳುತ್ತೇನೆ.